ಪಿಂಚಣಿ ತೋರಿಸುವುದೋ, ಠೇವಣಿ ಇಡುವುದೋ?

"ಹೊಲ ಇಪ್ಪತ್ತೆಕರೆ ಅದ, ಕಲಬುರಗಿಯಾಗ ಎರಡು ಪ್ಲಾಟ್ ಅವ, ಇಷ್ಟು ತೋರಿಸಿದ್ರ ಆಗಂಗಿಲ್ಲೇನ್ರಿ?" ಹೊರದೇಶದ ನಿವೃತ್ತಿ ವೀಸಾ ಬಗ್ಗೆ ವಿಚಾರಿಸುವ ನಮ್ಮ ಕಡೆಯ ಹಿರಿಯರು ಮೊದಲು ಕೇಳುವುದು ಇದನ್ನೇ. ಆಗುವುದಿಲ್ಲ. ಊರಲ್ಲಿ ಪಹಣಿ ಇದ್ದರೆ ಬೆಳೆಸಾಲ ಸಿಗುತ್ತದೆ, ಕೋರ್ಟಿನಲ್ಲಿ ಇನ್ನೊಬ್ಬರಿಗೆ ಜಾಮೀನು ನಿಲ್ಲಬಹುದು, ಮಕ್ಕಳ ಸಂಬಂಧ ಕೂಡಿಸುವಾಗಲೂ ಅದರ ಮಾತು ಬರುತ್ತದೆ. ವಲಸೆ ಕಚೇರಿಯ ಕಿಟಕಿಯಲ್ಲಿ ಪಹಣಿಗೆ ಬೆಲೆಯಿಲ್ಲ. ಅಲ್ಲಿ ಕೇಳುವುದು ಎರಡೇ: ತಿಂಗಳಿಗೆ ನಿಮಗೆ ಎಷ್ಟು ಬರುತ್ತದೆ, ಇಲ್ಲವೇ ನಿಮ್ಮ ಹೆಸರಲ್ಲಿ ಎಷ್ಟು ದುಡ್ಡು ಎಷ್ಟು ದಿನದಿಂದ ಕೂತಿದೆ.

ಇವೆರಡರಲ್ಲಿ ಯಾವುದನ್ನು ತೋರಿಸಬೇಕೆಂದು ಬಹಳ ಮಂದಿ ಅರ್ಜಿ ತುಂಬುವ ದಿನ ಯೋಚಿಸುತ್ತಾರೆ. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ತೀರ್ಮಾನಿಸಬೇಕಾದ ಸಂಗತಿ ಇದು. ಥಾಯ್ಲೆಂಡಿನಲ್ಲಿ ನೆಲೆಸಿರುವ ಕಲಬುರಗಿಯವನಾಗಿ ನನ್ನ ಅಭಿಪ್ರಾಯ ಇಷ್ಟು: ಕಲಬುರಗಿ, ಬೀದರ್, ಯಾದಗಿರಿ, ಈ ನಮ್ಮ ಮೂರು ಜಿಲ್ಲೆಗಳ ಸಾಮಾನ್ಯ ಪಿಂಚಣಿದಾರರಿಗೆ ಠೇವಣಿಯ ದಾರಿಯೇ ಸರಿ, ಮತ್ತು ಆ ಠೇವಣಿಗಾಗಿ ಹೊಲ ಮಾರಬಾರದು.

ಥಾಯ್ಲೆಂಡಿನ ನಿಯಮ ಮೊದಲು ಹೇಳುತ್ತೇನೆ. 50 ವರ್ಷ ತುಂಬಿದವರು ನಾನ್‌-ಇಮಿಗ್ರಂಟ್ ಓ ವೀಸಾದಲ್ಲಿ ಬಂದು, ನಿವೃತ್ತಿಯ ಆಧಾರದ ಮೇಲೆ ವರ್ಷ ವರ್ಷ ವಾಸ ವಿಸ್ತರಿಸಿಕೊಳ್ಳಬಹುದು. ಅದಕ್ಕೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಇರಬೇಕು, ಅಥವಾ ತಿಂಗಳಿಗೆ 65,000 ಬಹ್ತ್ ಆದಾಯ ಇರಬೇಕು, ಅಥವಾ ವರ್ಷದ ಆದಾಯ ಮತ್ತು ಠೇವಣಿ ಕೂಡಿಸಿ 8 ಲಕ್ಷ ಆಗಬೇಕು. ಬಹ್ತಿಗೆ 2 ರೂಪಾಯಿ 70 ಪೈಸೆ ಹಿಡಿದರೆ ಠೇವಣಿ 21 ಲಕ್ಷ 60 ಸಾವಿರ ರೂಪಾಯಿ, ತಿಂಗಳ ಆದಾಯ 1,75,500 ರೂಪಾಯಿ.

ಈ ಎರಡನೇ ಅಂಕಿಯನ್ನು ನಮ್ಮ ಪಿಂಚಣಿಯ ಪಕ್ಕದಲ್ಲಿಟ್ಟು ನೋಡಿ. ರಾಜ್ಯದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ಅತಿ ಹೆಚ್ಚಿನ ಮೂಲ ಪಿಂಚಣಿ 1,20,600 ರೂಪಾಯಿ. ಅದು ರಾಜ್ಯದ ಅತಿ ಮೇಲಿನ ಶ್ರೇಣಿಯ ಅಧಿಕಾರಿಗೆ. ಅವರಿಗೂ ಇವತ್ತಿನ ತುಟ್ಟಿಭತ್ಯೆ ಸೇರಿಸಿದರೂ 1,75,500 ಮುಟ್ಟುವುದಿಲ್ಲ. ಜೇವರ್ಗಿಯ ಹೈಸ್ಕೂಲ್ ಮಾಸ್ತರು, ಔರಾದಿನ ತಹಸೀಲ್ ಕಚೇರಿಯ ಶಿರಸ್ತೇದಾರರು ಇದರ ಹತ್ತಿರವೂ ಸುಳಿಯುವುದಿಲ್ಲ. ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳಿಂದ ಹೊರಬಂದವರ ಇಪಿಎಫ್ ಪಿಂಚಣಿ 15,000 ರೂಪಾಯಿ ಸಂಬಳದ ಮಿತಿಯ ಮೇಲೆ ಲೆಕ್ಕವಾಗುವುದರಿಂದ 35 ವರ್ಷ ದುಡಿದರೂ 7,500ರ ಸುಮಾರಿಗೆ ನಿಲ್ಲುತ್ತದೆ. ಆದರೆ ಇವರೆಲ್ಲರ ಕೈಗೂ ನಿವೃತ್ತಿಯ ಹೊತ್ತಿಗೆ ಇಡಿಗಂಟು ಬರುತ್ತದೆ: ಗ್ರ್ಯಾಚುಟಿ, ಗಳಿಕೆ ರಜೆಯ ನಗದು, ಭವಿಷ್ಯ ನಿಧಿ.

ತಿಂಗಳ ಆದಾಯ ಸಾಕಷ್ಟು ಇರುವವರಿಗೂ ಆ ದಾರಿಯಲ್ಲಿ ಮುಳ್ಳು ಬಹಳ. ದುಡ್ಡು 12 ತಿಂಗಳೂ ಹೊರದೇಶದಿಂದ ಬಂದಿರಬೇಕು, ಹಾಗೆ ಬಂದಿದೆ ಎಂದು ಪಾಸ್‌ಬುಕ್ಕಿನಲ್ಲಿ ಕಾಣಬೇಕು. ಕೆಲವು ಅಗ್ಗದ ಹಣ ರವಾನೆ ಆ್ಯಪ್‌ಗಳು ಥಾಯ್ಲೆಂಡಿನೊಳಗಿನ ತಮ್ಮ ಖಾತೆಯಿಂದಲೇ ಜಮಾ ಮಾಡುತ್ತವೆ. ಆಗ ಪಾಸ್‌ಬುಕ್ಕಿನಲ್ಲಿ ಅದು ಒಳನಾಡಿನ ವರ್ಗಾವಣೆ ಎಂದು ಬೀಳುತ್ತದೆ, ಅಧಿಕಾರಿ ಆ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ಸರಿಯಾಗಿ 65,000 ಕಳಿಸುವುದು. ನಡುವಿನ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡರೆ 64 ಸಾವಿರ ಚಿಲ್ಲರೆ ಬಂದು ತಲುಪುತ್ತದೆ, ಆ ತಿಂಗಳೂ ಹೋಯಿತು. ಎರಡು ಸಾವಿರ ಬಹ್ತ್ ಹೆಚ್ಚಿಗೆ ಕಳಿಸಬೇಕು, ಶುಲ್ಕವೆಲ್ಲ ಕಳಿಸುವವನದೇ ಎಂದು ಫಾರ್ಮಿನಲ್ಲಿ ಗುರುತಿಸಬೇಕು.

ಪಿಂಚಣಿದಾರರು ಬದುಕಿದ್ದಾರೆಂದು ತೋರಿಸುವ ಜೀವನ ಪ್ರಮಾಣ ಪತ್ರ ಇವೆಲ್ಲಕ್ಕಿಂತ ದೊಡ್ಡ ಅಪಾಯ. ಕೇಂದ್ರ ಸರ್ಕಾರದ ಪಿಂಚಣಿದಾರರು ಅದನ್ನು ಪ್ರತಿ ನವೆಂಬರ್‌ನಲ್ಲಿ ಕೊಡಬೇಕು, 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಊರಲ್ಲಿದ್ದಾಗ ಬ್ಯಾಂಕಿಗೆ ಹೋಗಿ ಮುಖ ತೋರಿಸಿ ಬಂದರೆ ಮುಗಿಯಿತು, ತಡವಾದರೆ ಬಾಕಿ ಸೇರಿಸಿ ಕೊಡುತ್ತಾರೆ, ನಷ್ಟವಿಲ್ಲ. ಇಲ್ಲಿ ಹಾಗಲ್ಲ. ಪತ್ರ ತಪ್ಪಿ ಪಿಂಚಣಿ ನಿಂತರೆ ಆ ತಿಂಗಳ ಜಮಾ ತಪ್ಪುತ್ತದೆ, ಮುಂದಿನ ತಿಂಗಳು ಎರಡರಷ್ಟು ಕಳಿಸಿದರೂ ತಪ್ಪಿದ ತಿಂಗಳು ತುಂಬುವುದಿಲ್ಲ. ವರ್ಷದ ವಿಸ್ತರಣೆಗೇ ಕುತ್ತು. ಮೊಬೈಲಿನಲ್ಲಿ ಮುಖ ಗುರುತಿಸುವ ಜೀವನ್ ಪ್ರಮಾಣ್ ಆ್ಯಪ್ ಅಥವಾ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಸಹಿ, ಎರಡರಲ್ಲಿ ಒಂದನ್ನು ಗಡುವು ಮುಗಿಯುವವರೆಗೆ ಕಾಯದೆ ಮುಗಿಸಬೇಕು.

ಠೇವಣಿಗೂ ಷರತ್ತುಗಳಿವೆ. 2019ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದಂತೆ 8 ಲಕ್ಷ ಬಹ್ತ್ ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿರಬೇಕು, ಮಂಜೂರಾದ ಮೇಲೆ ಮೂರು ತಿಂಗಳು ಅಲ್ಲೇ ಇರಬೇಕು, ಉಳಿದ ಏಳು ತಿಂಗಳು 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಮಧ್ಯೆ ಒಂದು ದಿನ 3,99,000ಕ್ಕೆ ಇಳಿದರೂ ಮುಂದಿನ ವರ್ಷ ಪ್ರಶ್ನೆ ಏಳುತ್ತದೆ. ಆ ಏಳು ತಿಂಗಳು ಕೈಗೆ ಸಿಗುವ 4 ಲಕ್ಷವನ್ನು ಖರ್ಚಿಗೆ ನೆಚ್ಚಿಕೊಳ್ಳಬೇಡಿ, ಆಸ್ಪತ್ರೆಯ ಆಪತ್ತಿಗೆ ಬಿಡಿ. ಮನೆ ಖರ್ಚು ಬೇರೆ ಖಾತೆಯಿಂದ ನಡೆಯಲಿ. ಖಾತೆ ಅರ್ಜಿದಾರರ ಒಬ್ಬರ ಹೆಸರಿನಲ್ಲೇ ಇರಲಿ. ನಮ್ಮ ಕಡೆ ಗಂಡ ಹೆಂಡತಿ ಜಂಟಿ ಖಾತೆ ತೆರೆಯುವ ರೂಢಿ ಇಲ್ಲಿ ತೊಡಕು ತರುತ್ತದೆ.

ಮೊದಲ ಸಲ ಬರುವವರಿಗೆ ದಿನಗಳ ಲೆಕ್ಕ ಬಿಗಿ. ಓ ವೀಸಾದಲ್ಲಿ ಸಿಗುವುದು 90 ದಿನ. ಅದರಲ್ಲಿ 60 ದಿನ ದುಡ್ಡು ಖಾತೆಯಲ್ಲಿ ಕೂತಿರಬೇಕು. ಅಂದರೆ ಬಂದಿಳಿದ 30 ದಿನದೊಳಗೆ ಖಾತೆ ತೆರೆದು, ಕಲಬುರಗಿಯಿಂದ ದುಡ್ಡು ಹೊರಟು, ಇಲ್ಲಿ ಜಮಾ ಆಗಿರಬೇಕು. ಊರಿನ ಎಲ್ಲ ಬ್ಯಾಂಕ್ ಶಾಖೆಗಳಿಗೂ ವಿದೇಶಿ ವಿನಿಮಯದ ಅಧಿಕಾರ ಇರುವುದಿಲ್ಲ; ಕಾಗದ ಬೇರೆ ಊರಿನ ಶಾಖೆಗೆ ಹೋಗಿ ಬರುವಷ್ಟರಲ್ಲಿ ವಾರ ಕಳೆಯುತ್ತದೆ. ಹೊರಡುವ ಮೊದಲೇ ಯಾವ ಶಾಖೆ ಮಾಡುತ್ತದೆಂದು ಕೇಳಿ, ಎ2 ಫಾರ್ಮ್ (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ), ಪ್ಯಾನ್, ಹಣದ ಮೂಲದ ದಾಖಲೆ ಸಿದ್ಧ ಮಾಡಿಡಿ. ಪಾಸ್‌ಪೋರ್ಟಿನಲ್ಲಿ ಶರಣಬಸಪ್ಪ, ಪಿಂಚಣಿ ಪುಸ್ತಕದಲ್ಲಿ ಶರಣಪ್ಪ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಎಂಬ ಸ್ಥಿತಿ ನಮ್ಮ ಕಡೆ ಮನೆಮನೆಯಲ್ಲಿದೆ. ಹೆಸರು ಹೊಂದದ ಹಣ ಅರ್ಧ ದಾರಿಯಿಂದ ವಾಪಸ್ ಹೋಗುತ್ತದೆ. ಅದನ್ನು ಊರಲ್ಲಿದ್ದಾಗಲೇ ಸರಿಪಡಿಸಿ.

ಈಗ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ವಸೂಲು ಮಾಡುವ ತೆರಿಗೆ. ಭಾರತದ ನಿವಾಸಿ ಆರ್ಥಿಕ ವರ್ಷವೊಂದಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. ಆದರೆ 2025ರ ಏಪ್ರಿಲ್ 1ರಿಂದ, 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಶೇ 20ರಷ್ಟು ಟಿಸಿಎಸ್ ಅನ್ನು ಬ್ಯಾಂಕು ಹಿಡಿದುಕೊಳ್ಳುತ್ತದೆ (ಶಿಕ್ಷಣ, ಚಿಕಿತ್ಸೆಗೆ ದರ ಬೇರೆ). 21 ಲಕ್ಷ 60 ಸಾವಿರವನ್ನು ಒಂದೇ ಸಲ ಕಳಿಸಿದರೆ 2 ಲಕ್ಷ 32 ಸಾವಿರ ಹೆಚ್ಚಿಗೆ ಕೈಯಲ್ಲಿರಬೇಕು. ಇದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ತುಂಬಿದರೆ ತೆರಿಗೆಗೆ ಹೊಂದಿಕೆಯಾಗುತ್ತದೆ, ಉಳಿದದ್ದು ಮರಳುತ್ತದೆ. ಆದರೆ ತಿಂಗಳುಗಟ್ಟಲೆ ಕಾಯಬೇಕು. ನನ್ನ ಸಲಹೆ, ಮಾರ್ಚ್ ಮತ್ತು ಏಪ್ರಿಲ್ ಎರಡನ್ನೂ ಹಿಡಿಯುವ ಹಾಗೆ ಪ್ರಯಾಣ ಇಟ್ಟುಕೊಳ್ಳಿ. ಮಾರ್ಚ್ 31ರೊಳಗೆ 10 ಲಕ್ಷ, ಏಪ್ರಿಲ್ ಮೊದಲ ವಾರ 11 ಲಕ್ಷ 60 ಸಾವಿರ. ಆಗ ಟಿಸಿಎಸ್ ಬರೀ 32 ಸಾವಿರ. 60 ದಿನದ ಎಣಿಕೆ ಎರಡನೇ ಕಂತು ಜಮಾ ಆದಾಗಿನಿಂದ ಶುರುವಾಗುತ್ತದೆ, ಆದ್ದರಿಂದ ಮಾರ್ಚ್ ಮೊದಲ ವಾರಕ್ಕಿಂತ ಮಧ್ಯಭಾಗದಲ್ಲಿ ಬಂದಿಳಿಯುವುದು ಒಳ್ಳೆಯದು. ಶರಣಬಸವೇಶ್ವರ ಜಾತ್ರೆ ಮುಗಿಸಿಕೊಂಡೇ ಹೊರಟರೂ ಸಾಮಾನ್ಯವಾಗಿ ಇದು ಕೂಡಿಬರುತ್ತದೆ. ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಲೇಬೇಕು. ಅಲ್ಲಿಂದ ಪಿಂಚಣಿ ಕಳಿಸಿಕೊಂಡರೆ ಈ ಟಿಸಿಎಸ್ ಬಾಧೆ ಇಲ್ಲ.

ಥಾಯ್ ತೆರಿಗೆಯ ಒಂದು ಮಾತು ಇಲ್ಲೇ ಸೇರಿಸಬೇಕು. ವರ್ಷದಲ್ಲಿ 180 ದಿನ ಇಲ್ಲಿದ್ದವರು 2024ರ ಜನವರಿ 1ರ ನಂತರ ಗಳಿಸಿದ ಹೊರದೇಶದ ಆದಾಯವನ್ನು ಇಲ್ಲಿಗೆ ತಂದರೆ ತೆರಿಗೆ ವ್ಯಾಪ್ತಿಗೆ ಬರುತ್ತದೆ. ಅದಕ್ಕೆ ಮೊದಲಿನ ಉಳಿತಾಯಕ್ಕೆ ಇದು ಅನ್ವಯಿಸದು. ಹಳೆಯ ಎಫ್‌ಡಿ ಇದ್ದವರು 2023ರ ಡಿಸೆಂಬರ್ 31ರಂದು ಖಾತೆಯಲ್ಲಿ ಎಷ್ಟಿತ್ತು ಎಂಬ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಇಟ್ಟುಕೊಳ್ಳಿ.

ಹೊಲದ ವಿಷಯಕ್ಕೆ ಬರೋಣ. ತೊಗರಿಯ ದುಡ್ಡು ರಾಶಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬರುತ್ತದೆ. ಅದನ್ನು ತಿಂಗಳ ಆದಾಯ ಎಂದು ಯಾವ ವಲಸೆ ಕಚೇರಿಯೂ ಒಪ್ಪುವುದಿಲ್ಲ. ಹೊಲವನ್ನು ಲೀಜಿಗೆ ಕೊಟ್ಟಿದ್ದೇನೆ, ಕರಾರು ತೋರಿಸುತ್ತೇನೆ ಎಂದರೆ, ಕರ್ನಾಟಕದ ಭೂಸುಧಾರಣೆ ಕಾಯ್ದೆ ಕೃಷಿ ಭೂಮಿಯ ಗೇಣಿಯನ್ನೇ ನಿಷೇಧಿಸಿದೆ. ಪಾಲಿಗೆ ಹಾಕಿದ್ದು ಬಾಯಿಮಾತಿನಲ್ಲೇ ನಡೆಯುತ್ತದೆ, ಕಾಗದ ಇರುವುದಿಲ್ಲ. ಆದ್ದರಿಂದ ಗಂಜಿನ ಅಡತಿ ಅಂಗಡಿಯವರು ಕೊಡುವ ಪಟ್ಟಿ ಜೋಪಾನ ಮಾಡಿ, ದುಡ್ಡನ್ನು ಬ್ಯಾಂಕಿನ ಮೂಲಕವೇ ಪಡೆದು, ತೆರಿಗೆ ಇಲ್ಲದಿದ್ದರೂ ರಿಟರ್ನ್‌ನಲ್ಲಿ ಕೃಷಿ ಆದಾಯ ಎಂದು ತೋರಿಸುತ್ತಾ ಬಂದರೆ, ನಾಲ್ಕಾರು ವರ್ಷದಲ್ಲಿ ಅದೇ ಠೇವಣಿಯ ಮೂಲಕ್ಕೆ ಸಾಕ್ಷಿಯಾಗುತ್ತದೆ.

ಮಾರಿಯೇ ತೀರಬೇಕೆನ್ನುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ನೋಂದಣಿ ಪತ್ರದಲ್ಲಿ ಸರ್ಕಾರಿ ಮೌಲ್ಯ ಬರೆಸಿ ಉಳಿದದ್ದನ್ನು ನಗದಾಗಿ ತೆಗೆದುಕೊಳ್ಳುವುದು ಹಳೆಯ ಚಾಳಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಕಾನೂನು ಪ್ರಕಾರ ತಪ್ಪು, ಅಷ್ಟೇ ಮೊತ್ತದ ದಂಡವೂ ಇದೆ. ಅದು ಹಾಗಿರಲಿ, ಆ ನಗದಿಗೆ ಮೂಲವೇ ಇಲ್ಲದ್ದರಿಂದ ವೀಸಾ ಠೇವಣಿಯಾಗಿ ಅದು ದೇಶ ದಾಟುವುದೇ ಇಲ್ಲ. ಪೂರ್ತಿ ಬೆಲೆ ಪತ್ರದಲ್ಲಿ ಬರೆಸಿ. ಕಲಬುರಗಿ, ಬೀದರ್ ನಗರಸೀಮೆಯಿಂದ 6 ಕಿಲೋಮೀಟರ್, ಯಾದಗಿರಿಯಿಂದ 2 ಕಿಲೋಮೀಟರ್ ಆಚೆಯ ಕೃಷಿ ಭೂಮಿ ಬೇರೆ ಪಟ್ಟಣದ ಸೀಮೆಗೆ ತಾಗದಿದ್ದರೆ ಅದರ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ, ಮುಚ್ಚಿಡುವ ಕಾರಣವೂ ಇಲ್ಲ. ಆದರೂ ಮಾರಬೇಡಿ ಎನ್ನುತ್ತೇನೆ. ಅನಿವಾಸಿಯಾದ ಮೇಲೆ ಇರುವ ಹೊಲ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳಲು ಅನುಮತಿ ಇಲ್ಲ. ಎರಡು ವರ್ಷಕ್ಕೆ ಮನಸ್ಸು ಬದಲಾಗಿ ವಾಪಸ್ ಹೊರಟರೆ ಆ ಬೆಲೆಗೆ ಆ ಹೊಲ ಸಿಗುವುದೇ?

ಯುರೋಪಿನ ರೀತಿ ಬೇರೆ, ಅಲ್ಲಿ ಪಿಂಚಣಿಗೇ ಮರ್ಯಾದೆ. ಪೋರ್ಚುಗಲ್‌ನ ಡಿ7 ವೀಸಾಕ್ಕೆ ಅಲ್ಲಿನ ಕನಿಷ್ಠ ಕೂಲಿಯಷ್ಟು ಸ್ಥಿರ ಆದಾಯ ಬೇಕು, 2026ರಲ್ಲಿ ಅದು ತಿಂಗಳಿಗೆ 920 ಯೂರೊ. ಹೆಂಡತಿಗೆ ಅದರ ಅರ್ಧ ಸೇರಿಸಬೇಕು. ಯೂರೊಗೆ 100 ರೂಪಾಯಿ ಎಂದು ಸುಲಭಕ್ಕೆ ಹಿಡಿದರೂ ದಂಪತಿಗೆ 1,38,000. ಸ್ಪೇನ್ ಒಬ್ಬರಿಗೇ 2,400 ಯೂರೊ, ಗ್ರೀಸ್ 3,500 ಯೂರೊ ಕೇಳುತ್ತದೆ. ಪನಾಮಾ 1,000 ಡಾಲರ್ ಆಜೀವ ಪಿಂಚಣಿ ಇದ್ದರೆ ಸಾಕೆನ್ನುತ್ತದೆ, ನಮ್ಮ ಪಿಂಚಣಿದಾರರಿಗೆ ಅಂಕಿಯ ದೃಷ್ಟಿಯಿಂದ ಅದೇ ಹತ್ತಿರ, ದಾರಿ ಮಾತ್ರ ಬಲು ದೂರ. ಈ ದೇಶಗಳ ಮೇಲೆ ಕಣ್ಣಿಟ್ಟವರು ಪಿಂಚಣಿ ಪರಿವರ್ತನೆ (ಕಮ್ಯುಟೇಶನ್), ಅಂದರೆ ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಇಡಿಗಂಟು ಪಡೆಯುವುದನ್ನು, ಮಾಡಿಸಲೇಬಾರದು. ರಾಜ್ಯ ನೌಕರರು ಮೂರನೇ ಒಂದು ಭಾಗ ಪರಿವರ್ತಿಸಿದರೆ 90,000ದ ಪಿಂಚಣಿ 60,000ಕ್ಕೆ ಇಳಿಯುತ್ತದೆ, ಪೂರ್ತಿ ಮರಳುವುದು 15 ವರ್ಷದ ನಂತರ. ಥಾಯ್ಲೆಂಡಿಗೆ ಬರುವವರಿಗೆ ಅದೇ ಪರಿವರ್ತನೆ ಠೇವಣಿಗೆ ಸಹಾಯ. ನಿವೃತ್ತಿಗೆ ಮೊದಲೇ ದೇಶ ಆರಿಸಿಕೊಳ್ಳಿ ಎನ್ನುವುದು ಇದಕ್ಕೇ.

ಮಲೇಷ್ಯಾ, ದುಬೈ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲೇಷ್ಯಾದ ದೀರ್ಘವಾಸ ಯೋಜನೆಯಲ್ಲಿ ಬೆಳ್ಳಿ ದರ್ಜೆಗೇ ಒಂದೂವರೆ ಲಕ್ಷ ಡಾಲರ್ ಠೇವಣಿ, ಮೇಲೆ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು. ದುಬೈಯಲ್ಲಿ 55 ದಾಟಿದವರಿಗೆ 10 ಲಕ್ಷ ದಿರ್ಹಮ್ ಉಳಿತಾಯ ಅಥವಾ ಅಷ್ಟೇ ಬೆಲೆಯ ಆಸ್ತಿ. ಕೊಲ್ಲಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಕೂಡಿಟ್ಟ ನಮ್ಮವರಿಗೆ ಮಾತ್ರ ಎಟುಕುವ ಮಾತು.

ಥಾಯ್ಲೆಂಡಿನಲ್ಲಿ ಶುಲ್ಕ ಪಡೆದು, 8 ಲಕ್ಷವನ್ನು ನಿಮ್ಮ ಖಾತೆಯಲ್ಲಿ ಇಟ್ಟಂತೆ ಮಾಡಿ ಮುದ್ರೆ ಹಾಕಿಸಿಕೊಡುವ ಏಜೆಂಟರು ಸಿಗುತ್ತಾರೆ. ಅವರ ಹತ್ತಿರ ಹೋಗಬೇಡಿ. ಇರದ ದುಡ್ಡು ಮೂರು ತಿಂಗಳ ತಪಾಸಣೆಯಲ್ಲಿ ಕಾಣದೇ ಹೋದಾಗ ಹೊಣೆ ನಿಮ್ಮದು. ಆಸ್ಪತ್ರೆಗೆ ಸೇರಿದ ದಿನ ಬೇಕಾಗುವುದು ಮುದ್ರೆಯಲ್ಲ, ಆ ದುಡ್ಡು. ಮತ್ತೆ, ರಾಶಿಗೆ ಊರಿಗೆ ಹೋಗುವವರು ಹೊರಡುವ ಮುನ್ನ 1,000 ಬಹ್ತ್ ಕೊಟ್ಟು ಮರುಪ್ರವೇಶ ಪರವಾನಗಿ ಪಡೆಯಿರಿ. ಇಲ್ಲದೆ ಗಡಿ ದಾಟಿದರೆ ವರ್ಷದ ವಿಸ್ತರಣೆ ಅಲ್ಲಿಗೇ ರದ್ದು.

ನಾನು ಠೇವಣಿಯ ಪರ ಇರುವುದಕ್ಕೆ ಮುಖ್ಯ ಕಾರಣ ಹೆಂಡತಿಯರು. ಗಂಡನ ವಿಸ್ತರಣೆಯ ಮೇಲೆ ಅವಲಂಬಿತಳಾಗಿ ಹೆಂಡತಿ ಇಲ್ಲಿರಬಹುದು. ಅದಕ್ಕೆ ಮದುವೆ ಪ್ರಮಾಣಪತ್ರ ಬೇಕು, ನಮ್ಮ ಹಿರಿಯರಲ್ಲಿ ಬಹುಪಾಲು ಜನರ ಹತ್ತಿರ ಅದಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಗಂಡ ತೀರಿಕೊಂಡರೆ ಆಕೆಯ ಅವಲಂಬಿತ ಹಕ್ಕು ಮುಗಿಯುತ್ತದೆ. ರಾಜ್ಯದ ಕುಟುಂಬ ಪಿಂಚಣಿ ಕೊನೆಯ ಮೂಲವೇತನದ ಶೇ 30 ಮಾತ್ರ, ಮೂಲವೇತನ 1,80,000 ಇದ್ದು ಅದರ ಅರ್ಧ 90,000 ಪಿಂಚಣಿ ಬರುತ್ತಿದ್ದರೆ ಅದು 54,000 ಆಗುತ್ತದೆ. ಪೋರ್ಚುಗಲ್‌ನಲ್ಲಿದ್ದರೆ ಒಬ್ಬರಿಗೆ ಬೇಕಾದ 92,000ಕ್ಕೆ ಅದು ಸಾಲದು. ಠೇವಣಿ ಮಾತ್ರ ಹಾಗೆ ಕರಗುವುದಿಲ್ಲ, ಆಕೆಗೆ 50 ತುಂಬಿದ್ದರೆ ಅದೇ 8 ಲಕ್ಷವನ್ನು ತನ್ನ ಹೆಸರಿಗೆ ಪಡೆದು ತಾನೇ ಅರ್ಜಿ ಹಾಕಬಹುದು. ಆದರೆ ಒಬ್ಬರ ಹೆಸರಿನ ಖಾತೆಯನ್ನು ಬ್ಯಾಂಕು ತಡೆಹಿಡಿಯುತ್ತದೆ, ಕೋರ್ಟು ಆಡಳಿತಗಾರರನ್ನು ನೇಮಿಸುವ ತನಕ ಬಿಡುವುದಿಲ್ಲ. ಆದ್ದರಿಂದ ಠೇವಣಿ ಇಟ್ಟ ವಾರದಲ್ಲೇ ಥಾಯ್ ಭಾಷೆಯಲ್ಲಿ ವಿಲ್ ಬರೆಸಿ, ಹೆಂಡತಿಯನ್ನೇ ಅದರ ಆಡಳಿತಗಾರ್ತಿ ಎಂದು ಹೆಸರಿಸಿ, ಆಕೆಯ ಹೆಸರಿನಲ್ಲಿ ಬೇರೊಂದು ಖಾತೆ ತೆರೆದು ಕನಿಷ್ಠ ಆರು ತಿಂಗಳ ಖರ್ಚನ್ನು ಅದರಲ್ಲಿ ಇಡಿ.