ಲಗಾಡೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜು

ಯುರೋಪಿನ ಜ್ಞಾನೋದಯ ಯುಗದ (ಎನ್‌ಲೈಟನ್‌ಮೆಂಟ್) ಜರ್ಮನ್ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1784ರಲ್ಲಿ ಬರ್ಲಿನ್ನಿನ ಒಂದು ಮಾಸಪತ್ರಿಕೆಗೆ ಬರೆದ ಚಿಕ್ಕ ಲೇಖನದಲ್ಲಿ ಒಬ್ಬ ಸೋಮಾರಿ ಬರುತ್ತಾನೆ. ತನ್ನ ಪರವಾಗಿ ಅರ್ಥಮಾಡಿಕೊಳ್ಳಲು ಒಂದು ಪುಸ್ತಕ, ಪಾಪಪುಣ್ಯಗಳನ್ನು ನೋಡಿಕೊಳ್ಳಲು ಒಬ್ಬ ಪಾದ್ರಿ, ಏನು ತಿನ್ನಬೇಕೆಂದು ಹೇಳಲು ಒಬ್ಬ ವೈದ್ಯ ಇದ್ದುಬಿಟ್ಟರೆ ತಾನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಕೈಯಲ್ಲಿ ದುಡ್ಡಿದ್ದರೆ ಯೋಚಿಸುವ ಬೇಸರದ ಕೆಲಸವನ್ನು ಬೇರೆಯವರೇ ಮಾಡಿಕೊಡುತ್ತಾರೆ ಎಂದು ಆತ ನೆಮ್ಮದಿಯಾಗಿದ್ದಾನೆ. ಕಾಂಟ್ ಇದನ್ನು ಬರೆದದ್ದು ಓದುಗರನ್ನು ನಾಚಿಸುವುದಕ್ಕೆ. ಸ್ವಂತ ಬುದ್ಧಿಯನ್ನು ಬಳಸುವ ಧೈರ್ಯ ಮಾಡಿ ಎನ್ನುವುದು ಆ ಲೇಖನದ ಆರಂಭದಲ್ಲೇ ಇರುವ ಕರೆ. ಆದರೆ ನಮ್ಮ ಪದವಿ ಕಾಲೇಜುಗಳನ್ನೇ ನಂಬಿ ಬದುಕುವ ಗೈಡು ಪ್ರಕಾಶಕರು ಇದನ್ನು ಬೈಗುಳವೆಂದು ತಿಳಿಯದೆ ಮಾರುಕಟ್ಟೆ ಸಮೀಕ್ಷೆಯೆಂದು ತಿಳಿದರು. ಪಾದ್ರಿ ಮತ್ತು ವೈದ್ಯರ ವಿಭಾಗಗಳಿಗೆ ಕೈ ಹಾಕದೆ, ಪುಸ್ತಕದ ವಿಭಾಗವನ್ನು ಮಾತ್ರ ವಹಿಸಿಕೊಂಡು, ಐಚ್ಛಿಕ ಇಂಗ್ಲಿಷಿನ ಸೆಮಿಸ್ಟರಿಗೊಂದರಂತೆ, ಮೊದಲೇ ಅರ್ಥಮಾಡಿಕೊಂಡು ಮುಗಿಸಿದ ಪುಸ್ತಕಗಳನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿಸಿದರು.

ಇದರ ಫಲವಾಗಿ ಪರೀಕ್ಷಾ ಕೊಠಡಿಗಳಲ್ಲಿ ನಡೆಯುವ ಪವಾಡ ಸಾಮಾನ್ಯವಾದುದಲ್ಲ. ಜ್ಞಾನೋದಯ ಯುಗದ ಲಕ್ಷಣಗಳನ್ನು ವಿವರಿಸಿ ಎಂಬ ಪ್ರಶ್ನೆ ಬಂದ ಕೂಡಲೇ, ಮನುಷ್ಯನು ಪರರ ಮಾರ್ಗದರ್ಶನಕ್ಕೆ ಕಾಯದೆ ಸ್ವತಂತ್ರವಾಗಿ ಯೋಚಿಸಬೇಕು ಎಂಬ ಉತ್ತರವನ್ನು ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯ ಅಷ್ಟೂ ತಾಲ್ಲೂಕುಗಳ ವಿದ್ಯಾರ್ಥಿಗಳು ಒಂದೇ ವಾಕ್ಯದಲ್ಲಿ, ಒಂದೇ ಅಲ್ಪವಿರಾಮದೊಂದಿಗೆ, ಒಂದೇ ಸ್ಪೆಲಿಂಗ್ ತಪ್ಪಿನೊಂದಿಗೆ ಬರೆದು ಪೂರ್ಣ ಅಂಕ ಪಡೆಯುತ್ತಾರೆ. ಎಲ್ಲೋ ಒಬ್ಬ ಹುಡುಗಿ ನಿಜವಾಗಿಯೂ ಸ್ವತಂತ್ರವಾಗಿ ಯೋಚಿಸಿ, ಈ ಯುಗದ ಮಹನೀಯರು ಸ್ವಾತಂತ್ರ್ಯದ ಬಗ್ಗೆ ಬರೆಯುತ್ತಿದ್ದಾಗ ಅವರ ದೇಶಗಳ ಹಡಗುಗಳು ಗುಲಾಮರನ್ನು ಸಾಗಿಸುತ್ತಿದ್ದವಲ್ಲ ಎಂದು ಬರೆದುಬಿಟ್ಟರೆ ಅವಳ ಗತಿ ಹೇಳತೀರದು. ಕೀ ಉತ್ತರದಲ್ಲಿಲ್ಲದ ಮಾತಿಗೆ ಅಂಕ ಕೊಡಲು ಮೌಲ್ಯಮಾಪಕರಿಗೆ ಧೈರ್ಯ ಸಾಲದು. ಅವರಿಗೂ ದಿನಕ್ಕಿಷ್ಟು ಉತ್ತರಪತ್ರಿಕೆ ಎಂಬ ಲೆಕ್ಕವಿದೆ, ಸಂಜೆಯ ಬಸ್ಸೂ ಇದೆ.

ಈ ವಿಧಾನದ ಜನಕರು ನಮ್ಮವರೇ ಎಂದು ಹೆಮ್ಮೆಪಡಲು ಮಾತ್ರ ಆಗುವುದಿಲ್ಲ. 1726ರಷ್ಟು ಹಿಂದೆಯೇ ಜೊನಾಥನ್ ಸ್ವಿಫ್ಟ್ ‘ಗಲಿವರ್ಸ್ ಟ್ರಾವೆಲ್ಸ್’ನ ಮೂರನೆಯ ಭಾಗದಲ್ಲಿ ಲಗಾಡೋ ಎಂಬ ಕಾಲ್ಪನಿಕ ನಗರದ ಅಕಾಡೆಮಿಯನ್ನು ವರ್ಣಿಸಿದ್ದಾನೆ. ಅಲ್ಲಿನ ಗಣಿತದ ಶಾಲೆಯಲ್ಲಿ ಪ್ರಮೇಯವನ್ನೂ ಅದರ ಸಾಧನೆಯನ್ನೂ ತೆಳುವಾದ ಬಿಲ್ಲೆಯ ಮೇಲೆ ವಿಶೇಷ ಶಾಯಿಯಲ್ಲಿ ಬರೆದು ಕೊಡುತ್ತಾರೆ. ವಿದ್ಯಾರ್ಥಿ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಮೂರು ದಿನ ಬ್ರೆಡ್ಡು ನೀರಿನಲ್ಲೇ ಇರಬೇಕು. ಬಿಲ್ಲೆ ಜೀರ್ಣವಾದಂತೆ ಶಾಯಿ ಪ್ರಮೇಯವನ್ನು ಹೊತ್ತು ಮಿದುಳಿಗೆ ಏರುತ್ತದೆ. ಪ್ರಯೋಗ ಅಲ್ಲಿ ಫಲಿಸಲಿಲ್ಲವೆಂದು ಗಲಿವರ್ ವರದಿ ಮಾಡುತ್ತಾನೆ. ಶಾಯಿಯ ಪಾಕ ತಪ್ಪಿದ್ದು ಒಂದು ಕಾರಣವಾದರೆ, ಆ ಗುಳಿಗೆಯ ವಾಕರಿಕೆ ತಾಳಲಾರದೆ ಹುಡುಗರು ಮರೆಗೆ ಹೋಗಿ ಅದನ್ನು ಬಂದ ದಾರಿಯಲ್ಲೇ ಹೊರಹಾಕುತ್ತಿದ್ದದ್ದು ಇನ್ನೊಂದು ಕಾರಣ. ಲಗಾಡೋದ ಪಂಡಿತರಿಗೆ ಇದು ವೈಫಲ್ಯವಾಗಿ ಕಂಡಿತು. ನಮ್ಮ ಶಿಕ್ಷಣ ತಜ್ಞರಾದರೋ ಹೊರಹಾಕುವ ಆ ಕ್ರಿಯೆಗೇ ದಿನಾಂಕ ಗೊತ್ತುಮಾಡಿ, ಸಾಲಾಗಿ ಡೆಸ್ಕು ಹಾಕಿಸಿ, ಗಂಟೆ ಬಾರಿಸಿ, ಸಾಲದೆ ಬಂದವರಿಗೆ ಅಡಿಷನಲ್ ಶೀಟು ಕೊಡುವ ಏರ್ಪಾಡು ಮಾಡಿದರು.

ಅದೇ ಅಕಾಡೆಮಿಯಲ್ಲಿ ಇನ್ನೊಂದು ಯಂತ್ರವಿದೆ. ಭಾಷೆಯ ಎಲ್ಲ ಪದಗಳನ್ನೂ ಮರದ ತುಂಡುಗಳಿಗೆ ಅಂಟಿಸಿ, ಚೌಕಟ್ಟಿನಲ್ಲಿ ಪೋಣಿಸಿ, ಸುತ್ತ ನಲವತ್ತು ಕಬ್ಬಿಣದ ಹಿಡಿಗಳನ್ನು ಜೋಡಿಸಲಾಗಿದೆ. ಶಿಷ್ಯರು ಹಿಡಿ ತಿರುಗಿಸಿದರೆ ಪದಗಳ ಕ್ರಮ ಬದಲಾಗುತ್ತದೆ. ಎಲ್ಲಾದರೂ ಮೂರು ನಾಲ್ಕು ಪದ ಕೂಡಿ ವಾಕ್ಯದ ತುಂಡಿನಂತೆ ಕಂಡರೆ ಲಿಪಿಕಾರರು ಬರೆದುಕೊಳ್ಳುತ್ತಾರೆ. ಎಂಥ ದಡ್ಡನೂ ಅಲ್ಪ ಖರ್ಚಿನಲ್ಲಿ, ಪ್ರತಿಭೆಯ ಅಥವಾ ಓದಿನ ಸಹಾಯವಿಲ್ಲದೆ, ತತ್ತ್ವಶಾಸ್ತ್ರದಿಂದ ಕಾವ್ಯದವರೆಗೆ ಯಾವ ಗ್ರಂಥವನ್ನಾದರೂ ರಚಿಸಬಹುದೆಂಬುದು ಅದರ ಪ್ರೊಫೆಸರನ ಭರವಸೆ. ಸಾರ್ವಜನಿಕ ಹಣ ಒದಗಿಸಿದರೆ ಇಂಥ ಐನೂರು ಯಂತ್ರಗಳನ್ನು ಹೂಡಬಹುದೆಂದು ಆತ ಆಸೆಪಟ್ಟಿದ್ದ. ಈಗ ಅಂಥದ್ದೊಂದು ಪ್ರತಿ ವಿದ್ಯಾರ್ಥಿಯ ಜೇಬಿನಲ್ಲಿದೆ. ಸ್ವಿಫ್ಟನ ವಿಡಂಬನೆಯ ಬಗ್ಗೆ ಅಸೈನ್‌ಮೆಂಟ್ ಬರೆದು ತನ್ನಿ ಎಂದರೆ ಫೋನು ಅರೆ ನಿಮಿಷದಲ್ಲಿ ಬರೆದುಕೊಡುತ್ತದೆ, ಕೃತಿಚೌರ್ಯ ಪತ್ತೆಹಚ್ಚುವ ಇನ್ನೊಂದು ಯಂತ್ರ ಅದನ್ನು ಓದಿ ಸ್ವಂತದ್ದೆಂದು ಪ್ರಮಾಣೀಕರಿಸುತ್ತದೆ, ಇಂಟರ್ನಲ್ಸ್ ಅಂಕ ಪೋರ್ಟಲ್ಲಿಗೆ ಏರುತ್ತದೆ. ಲಗಾಡೋದಲ್ಲಿ ಕನಿಷ್ಠ ಹುಡುಗರ ರಟ್ಟೆಗಾದರೂ ವ್ಯಾಯಾಮವಾಗುತ್ತಿತ್ತು.

ಜ್ಞಾನೋದಯದ ಬುದ್ಧಿವಂತರಿಗೇ ಇಷ್ಟಾದರೆ, ಅವರ ನಂತರ ಬಂದ ರೊಮ್ಯಾಂಟಿಕ್ ಕವಿಗಳ ಪಾಡು ಕೇಳುವುದೇ ಬೇಡ. ಬಲವಾದ ಭಾವನೆಗಳು ತಾವಾಗಿಯೇ ಉಕ್ಕಿ ಹರಿಯುವುದೇ ಒಳ್ಳೆಯ ಕಾವ್ಯವೆಂದು ವರ್ಡ್ಸ್‌ವರ್ತ್ ‘ಲಿರಿಕಲ್ ಬ್ಯಾಲಡ್ಸ್’ನ 1800ರ ಮುನ್ನುಡಿಯಲ್ಲಿ ಹೇಳಿದ. ಆ ಮಾತಿಗೆ ಈಗ ಐದು ಅಂಕ. ಉಕ್ಕುವಿಕೆಗೆ ಎರಡು, ಭಾವನೆಗೆ ಎರಡು, ಕೃತಿಯ ಹೆಸರಿಗೆ ಒಂದು. ಇದೇ ಕವಿಯ ‘ದಿ ಟೇಬಲ್ಸ್ ಟರ್ನ್ಡ್’ ಎಂಬ ಇನ್ನೊಂದು ಕವಿತೆ ನಮ್ಮ ಪಠ್ಯಪಟ್ಟಿಗಳಿಗೆ ವಿಶೇಷವಾಗಿ ಒಪ್ಪುವಂಥದು. ಎದ್ದೇಳು ಗೆಳೆಯ, ಪುಸ್ತಕ ಬಿಡು, ಇಲ್ಲದಿದ್ದರೆ ಬೆನ್ನು ಬಾಗಿಹೋದೀತು, ಹೊರಗೆ ಬಾ, ಪ್ರಕೃತಿಯೇ ನಿನ್ನ ಗುರುವಾಗಲಿ, ನಮ್ಮ ಅಧಿಕಪ್ರಸಂಗಿ ಬುದ್ಧಿ ಚೆಲುವಾದುದನ್ನು ಕೊಯ್ದು ನೋಡಲು ಹೋಗಿ ಕೊಂದೇಬಿಡುತ್ತದೆ ಎಂದು ಅದು ಗೋಗರೆಯುತ್ತದೆ. ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಊಟದ ನಂತರದ ಪಿರಿಯಡ್ಡಿನಲ್ಲಿ ಈ ಕವಿತೆಯನ್ನು ಚರಣ ಚರಣವಾಗಿ ಕೊಯ್ದು, ಪ್ರಾಸದ ವಿನ್ಯಾಸವನ್ನು ಬೋರ್ಡಿನ ಮೇಲೆ ಬರೆದು, ಕೊನೆಯಲ್ಲಿ ‘ಕೊಯ್ದು ಕೊಲ್ಲುತ್ತೇವೆ’ ಎಂಬ ಆ ಸಾಲನ್ನೇ ಸಂದರ್ಭ ಸಹಿತ ವಿವರಿಸಿ ಎಂದು ಮನೆಗೆಲಸ ಕೊಡುವುದರಲ್ಲಿ ಒಂದು ಕಠೋರವಾದ ನ್ಯಾಯವಿದೆಯೆಂದು ಒಪ್ಪಲೇಬೇಕು. ಕೊಯ್ಯಬೇಡ ಎಂದವನನ್ನು ಕೊಯ್ದಾಗಲೇ ಅವನ ಮಾತು ಸತ್ಯವೆಂದು ಸಿದ್ಧವಾಗುವುದು.

ಡ್ಯಾಫೊಡಿಲ್ ಹೂಗಳ ಕವಿತೆಯಂತೂ ತಲೆಮಾರುಗಳಿಂದ ಬಾಯಿಪಾಠದ ಸ್ವತ್ತು. ಅದರ ಮೊದಲ ಸಾಲಿನಲ್ಲಿ ಕವಿ ಮೋಡದಂತೆ ಒಂಟಿಯಾಗಿ ಅಲೆದೆನೆನ್ನುತ್ತಾನಾದ್ದರಿಂದ ಕವಿಯ ಏಕಾಂತವನ್ನು ವಿವರಿಸಿ ಎಂಬ ಪ್ರಶ್ನೆ ಖಚಿತವಾಗಿ ‘ಇಂಪಾರ್ಟೆಂಟ್’. ಆದರೆ 1802ರ ಏಪ್ರಿಲ್ 15ರಂದು ಆ ಹೂಗಳನ್ನು ಕಂಡಾಗ ತಂಗಿ ಡೊರೊಥಿ ಅವನ ಜೊತೆಗಿದ್ದಳು. ಹೂಗಳ ವರ್ಣನೆಯನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಕವಿತೆ ಹುಟ್ಟಿದ್ದು ಅದಾದ ಎರಡು ವರ್ಷಗಳ ಮೇಲೆ. ಏಕಾಂತದ ಆನಂದವಾದ ಒಳಗಣ್ಣಿಗೆ ಆ ಹೂಗಳು ಮಿಂಚುತ್ತವೆಂಬ ಎರಡು ಸಾಲು ಕವಿಯ ಹೆಂಡತಿ ಮೇರಿಯದು, ಮತ್ತು ಕವಿತೆಯಲ್ಲಿ ಅತ್ಯುತ್ತಮವಾದ ಸಾಲುಗಳು ಅವೇ ಎಂದು ಕವಿಯೇ ಒಪ್ಪಿದ್ದ. ತಂಗಿ ಜೊತೆಗೆ ನಡೆದು, ಹೆಂಡತಿ ಸಾಲು ಕೊಟ್ಟು ಸಿದ್ಧಪಡಿಸಿದ ಈ ಏಕಾಂತವನ್ನು ನಮ್ಮ ಗೈಡುಗಳು ಕವಿಯೊಬ್ಬನ ಅಸಾಧಾರಣ ಒಂಟಿತನವೆಂದು ಒಂದೂವರೆ ಪುಟ ಕೊಂಡಾಡುತ್ತವೆ. ಇದನ್ನು ತರಗತಿಯಲ್ಲಿ ಹೇಳಿದರೆ ಏನಾಗುತ್ತದೆಂಬುದು ಅನುಭವಸ್ಥರಿಗೆ ಗೊತ್ತು: ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ, ‘ಸರ್, ಇದು ಪರೀಕ್ಷೆಗೆ ಬರುತ್ತಾ?’

ಈ ಸಾಹಿತ್ಯವೇ ನಮಗೆ ಒಗ್ಗದ್ದು ಎನ್ನುವವರಿಗೆ ಕನ್ನಡದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇದೇ ಕವಿಗಳನ್ನು ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡಕ್ಕೆ ತಂದಾಗ ನಮ್ಮ ಛಂದಸ್ಸೇ ಮಗ್ಗುಲು ಬದಲಿಸಿತು. ಮಹಾರಾಜಾ ಕಾಲೇಜಿನಲ್ಲಿ ಓದಿದ ಕುವೆಂಪು ಇಂಗ್ಲಿಷಿನಲ್ಲೇ ಕವಿತೆ ಬರೆಯಲು ತೊಡಗಿ, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದರು. ಅವರೆಲ್ಲ ಆ ಕವಿತೆಗಳನ್ನು ಓದಿದ್ದರು ಎಂಬ ವಿಚಿತ್ರ ಸಂಗತಿಯನ್ನು ಇಲ್ಲಿ ದಾಖಲಿಸದೆ ವಿಧಿಯಿಲ್ಲ. ಇಂದು ಅದೇ ಸಂಬಂಧ ಹೆಚ್ಚು ಮಿತವ್ಯಯದ ರೂಪದಲ್ಲಿ ಮುಂದುವರಿದಿದೆ. ಹತ್ತು ಗಂಟೆಯ ಪಿರಿಯಡ್ಡಿನಲ್ಲಿ ಕನ್ನಡ ಉಪನ್ಯಾಸಕರು ನವೋದಯ ಸಾಹಿತ್ಯದ ಲಕ್ಷಣಗಳನ್ನು ಬರೆಸುತ್ತಾರೆ: ಪ್ರಕೃತಿಪ್ರೇಮ, ವ್ಯಕ್ತಿನಿಷ್ಠೆ, ಕಲ್ಪನೆ, ಸಾಮಾನ್ಯ ಮನುಷ್ಯನ ಬದುಕು, ಅನುಭಾವ. ಹನ್ನೊಂದಕ್ಕೆ ಇಂಗ್ಲಿಷ್ ಉಪನ್ಯಾಸಕರು ರೊಮ್ಯಾಂಟಿಕ್ ಯುಗದ ಲಕ್ಷಣಗಳನ್ನು ಬರೆಸುತ್ತಾರೆ, ಅವೇ ಐದು. ಎರಡೂ ಗೈಡು ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಚಾಣಾಕ್ಷ ವಿದ್ಯಾರ್ಥಿ ಒಂದನ್ನು ಉರು ಹೊಡೆದು ಎರಡು ಪತ್ರಿಕೆ ಪಾಸಾಗುತ್ತಾನೆ. ತೌಲನಿಕ ಸಾಹಿತ್ಯ ಅಧ್ಯಯನ ಇದಕ್ಕಿಂತ ತಳಮಟ್ಟಕ್ಕೆ ಇಳಿದದ್ದನ್ನು ಜಗತ್ತಿನ ಬೇರಾವ ಭಾಗದಲ್ಲೂ ಕಾಣಲಾರೆವು.

ಇನ್ನು ಈ ಕವಿಗಳೇ ಎದ್ದು ಬಂದು ತಮ್ಮ ಕವಿತೆಯನ್ನು ತಾವೇ ಪಾಠ ಮಾಡುತ್ತೇವೆಂದರೆ ಅತಿಥಿ ಉಪನ್ಯಾಸಕರ ಕೌನ್ಸೆಲಿಂಗಿನಲ್ಲೇ ಅರ್ಜಿ ತಿರಸ್ಕೃತವಾಗುತ್ತದೆ. ಜ್ಞಾನೋದಯ ಯುಗದ ಕವಿ ಅಲೆಕ್ಸಾಂಡರ್ ಪೋಪ್ ಕ್ಯಾಥೊಲಿಕನಾದ್ದರಿಂದ ಅಂದಿನ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬಾಗಿಲೇ ಅವನಿಗೆ ತೆರೆಯಲಿಲ್ಲ. ಕೋಲ್‌ರಿಜ್ ಓದಿನ ನಡುವೆ ಸುಳ್ಳು ಹೆಸರಿನಲ್ಲಿ ಅಶ್ವದಳಕ್ಕೆ ಸೇರಿ, ಮರಳಿ ಬಂದೂ ಕೇಂಬ್ರಿಜ್ ಪದವಿ ಪಡೆಯದೆ ಹೊರಟ. ಕೀಟ್ಸ್ ಕಲಿತದ್ದು ಔಷಧಿ ಕೊಡುವ ವೃತ್ತಿ. ವರ್ಡ್ಸ್‌ವರ್ತ್‌ನದು ಬರೀ ಬಿ.ಎ. ಶೆಲ್ಲಿಯನ್ನು ಆಕ್ಸ್‌ಫರ್ಡ್ 1811ರಲ್ಲಿ ಹೊರಹಾಕಿತು. ನಾಸ್ತಿಕವಾದದ ಕಿರುಹೊತ್ತಗೆಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲು ಆತ ನಿರಾಕರಿಸಿದನೆಂಬುದು ಅದಕ್ಕೆ ಕೊಟ್ಟ ಕಾರಣ. ಅವನನ್ನು ಹೊರಹಾಕಿದ ಕಾಲೇಜಿನಲ್ಲೇ ಈಗ ಅವನ ಅಮೃತಶಿಲೆಯ ಪ್ರತಿಮೆ ಮಲಗಿದೆ, ಮತ್ತು ಉತ್ತರಿಸಲೊಲ್ಲದ ಆ ಹುಡುಗನ ಮೇಲಿನ ಪ್ರಶ್ನೆಗೆ ಉತ್ತರಿಸದವರನ್ನು ನಾವು ಫೇಲು ಮಾಡುತ್ತೇವೆ. ಎಂ.ಎ. ಇದ್ದವನೆಂದರೆ ಬೈರನ್. ನಾಯಿ ಸಾಕುವಂತಿಲ್ಲವೆಂಬ ನಿಯಮವಿದ್ದ ಕೇಂಬ್ರಿಜ್ ಕಾಲೇಜಿಗೆ ಕರಡಿ ತಂದಿಟ್ಟುಕೊಂಡು, ಅದನ್ನೇನು ಮಾಡುತ್ತೀ ಎಂದು ಕೇಳಿದವರಿಗೆ, ಫೆಲೋಶಿಪ್ ಪರೀಕ್ಷೆಗೆ ಕೂರಿಸುತ್ತೇನೆಂದು ಉತ್ತರಿಸಿದ ಮಹಾನುಭಾವ. ಆದರೆ ಬೈರನ್ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾಗಿಲ್ಲ. ಕರಡಿಯ ವಿಷಯದಲ್ಲೂ ದಾಖಲೆ ಅಸ್ಪಷ್ಟ.

ಪುಸ್ತಕಗಳೆಂದರೆ ತನಗಾಗದು, ಗೊತ್ತಿಲ್ಲದ ವಿಷಯದ ಬಗ್ಗೆ ಮಾತಾಡುವುದನ್ನಷ್ಟೇ ಅವು ಕಲಿಸುತ್ತವೆ ಎಂದು ಜ್ಞಾನೋದಯ ಯುಗದ ಚಿಂತಕ ರೂಸೊ, ಶಿಕ್ಷಣವನ್ನು ಕುರಿತ 1762ರ ‘ಎಮಿಲ್’ನಲ್ಲಿ ಬರೆದಾಗ ಪ್ಯಾರಿಸ್ಸಿನಲ್ಲಿ ಆ ಗ್ರಂಥವನ್ನು ಸುಡಿಸಿ, ಅವನ ಬಂಧನಕ್ಕೆ ಆದೇಶ ಹೊರಡಿಸಲಾಯಿತು. ಅನಗತ್ಯ ಶ್ರಮ. ನಮ್ಮನ್ನು ಕೇಳಿದ್ದರೆ ಅವನನ್ನು ಎರಡು ಅಂಕದ ಪ್ರಶ್ನೆ ಮಾಡಿ ಇನ್ನೂ ಪೂರ್ಣವಾಗಿ ಅಡಗಿಸುತ್ತಿದ್ದೆವು. ಈಗಂತೂ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮೊದಲು ಪ್ರತಿ ಪತ್ರಿಕೆಗೂ ಕೋರ್ಸ್ ಔಟ್‌ಕಮ್, ಅಂದರೆ ಕಲಿತವರಿಗೆ ಏನು ದಕ್ಕಬೇಕೆಂಬ ಪಟ್ಟಿ, ಬರೆದು, ಕೋಷ್ಟಕದಲ್ಲಿ ಒಂದು, ಎರಡು, ಮೂರು ಎಂದು ತುಂಬಬೇಕಾಗಿದೆ. ಕಲ್ಪನಾಶಕ್ತಿ ಮೂರು, ಬಂಡಾಯ ಮನೋಭಾವ ಎರಡು, ಉದಾತ್ತತೆಯ ಅನುಭವ ಒಂದು. 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಗೆ ತಕ್ಕಂತೆ ಬರೆದ ಪಠ್ಯಕ್ರಮ 2024ರಲ್ಲಿ ಮತ್ತೆ ಬದಲಾದದ್ದರಿಂದ ಕೋಷ್ಟಕವನ್ನೂ ಹೊಸದಾಗಿ ತುಂಬಲಾಯಿತು. ಫ್ರಾನ್ಸಿನ ಕ್ರಾಂತಿ ಒಂದು ಯೂನಿಟ್ಟಿನಿಂದ ಇನ್ನೊಂದಕ್ಕೆ ಸರಿದದ್ದು ಬಿಟ್ಟರೆ ಸಾವುನೋವು ವರದಿಯಾಗಿಲ್ಲ.

ಇಷ್ಟೆಲ್ಲ ಏರ್ಪಾಡಿನ ನಡುವೆ ಒಬ್ಬ ವಿದ್ಯಾರ್ಥಿಯ ಪ್ರಕರಣ ಮಾತ್ರ ತಲೆನೋವಾಗಿ ಉಳಿದಿದೆ. ಮೇರಿ ಶೆಲ್ಲಿಯ 1818ರ ಕಾದಂಬರಿ ‘ಫ್ರಾಂಕನ್‌ಸ್ಟೈನ್’ನಲ್ಲಿ, ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ವಿಕ್ಟರ್ ಫ್ರಾಂಕನ್‌ಸ್ಟೈನ್ ಎಂಬ ಹುಡುಗ ಸೃಷ್ಟಿಸಿ ಕೈಬಿಟ್ಟ ಜೀವಿಯೊಂದು ಒಂದು ಬಡ ಕುಟುಂಬದ ಗುಡಿಸಲಿನ ಪಕ್ಕದಲ್ಲಿ ಅಡಗಿಕೊಂಡು, ಗೋಡೆಯ ಆಚೆಯಿಂದ ಕೇಳಿಸಿಕೊಂಡೇ ಭಾಷೆ ಕಲಿಯುತ್ತದೆ. ಕಾಡಿನಲ್ಲಿ ಬಿದ್ದಿದ್ದ ಚರ್ಮದ ಚೀಲದಲ್ಲಿ ಅದಕ್ಕೆ ಮಿಲ್ಟನ್ ಮತ್ತು ಪ್ಲೂಟಾರ್ಕರ ಕೃತಿಗಳು, ಗಯಟೆಯ ‘ವೆರ್ಟರ್’ ಕಾದಂಬರಿ ಸಿಗುತ್ತವೆ. ಮೂರನ್ನೂ ಅದು ಗೈಡಿಲ್ಲದೆ, ನೋಟ್ಸ್ ಇಲ್ಲದೆ ಓದುತ್ತದೆ. ವೆರ್ಟರನ ಸಾವಿಗೆ, ಪೂರ್ತಿ ಅರ್ಥವಾಗದಿದ್ದರೂ, ಅಳುತ್ತದೆ. ಆದರೆ ಹಾಜರಾತಿ ಶೇ 75 ಇಲ್ಲ, ವರ್ಗಾವಣೆ ಪತ್ರವಿಲ್ಲ, ಜನ್ಮದಿನಾಂಕದ ದಾಖಲೆಯಿಲ್ಲ, ತಂದೆ ಸಹಿ ಹಾಕಲು ಒಪ್ಪುತ್ತಿಲ್ಲ. ಪ್ರಾಂಶುಪಾಲರು ಮಾನವೀಯ ದೃಷ್ಟಿಯಿಂದ ದಂಡ ಕಟ್ಟಿಸಿಕೊಂಡು ಹಾಲ್ ಟಿಕೆಟ್ ಕೊಡಲು ಮನಸ್ಸು ಮಾಡಿದ್ದರು. ಹೆಸರಿನ ಕಾಲಂ ತುಂಬುವಾಗ ಕಚೇರಿಯ ಗುಮಾಸ್ತರು ಗೈಡು ತೆಗೆದು ನೋಡಿ ‘ಫ್ರಾಂಕನ್‌ಸ್ಟೈನ್’ ಎಂದು ಬರೆದುಬಿಟ್ಟರು. ತಿದ್ದುಪಡಿಗೆ ಅರ್ಜಿ ಹಾಕಿ ಎಂದಿದ್ದಾರೆ. ಅಫಿಡವಿಟ್ ಬೇಕು, ಶುಲ್ಕ ಬೇರೆ.