ಹಂಪಿಗೆ ಹೋಗುತ್ತೀರಾ? ಕಾರು ಮನೆಯಲ್ಲೇ ಇರಲಿ

ನಾಲ್ಕು ದಿನ ರಜೆ ಒಟ್ಟಿಗೆ ಸಿಕ್ಕರೆ ಸಾಕು, ಬೆಂಗಳೂರಿನ ಸ್ನೇಹಿತರೆಲ್ಲ ಹಂಪಿಗೆ ಹೇಗೆ ಹೋಗೋದು ಅಂತ ನನ್ನನ್ನೇ ಕೇಳುತ್ತಾರೆ. ನನ್ನ ತವರು ಹೊಸಪೇಟೆ, ಅದಕ್ಕೆ. ಎಲ್ಲರಿಗೂ ನಾನು ಹೇಳೋದು ಒಂದೇ. ರೈಲಿನಲ್ಲಿ ಹೋಗಿ, ಹೊಸಪೇಟೆಯಲ್ಲಿ ಇಳಿದು ಸರ್ಕಾರಿ ಬಸ್ ಹತ್ತಿ, ಹಂಪಿಯಲ್ಲಿ ನಡೆದು ನೋಡಿ. ಹತ್ತರಲ್ಲಿ ಒಂಬತ್ತು ಜನ ಕೇಳಿಸಿಕೊಂಡು, ತಲೆಯಾಡಿಸಿ, ಕಡೆಗೆ ಕಾರಿನಲ್ಲೇ ಹೋಗುತ್ತಾರೆ. ಅದಕ್ಕೇ ಇವತ್ತು ಉದ್ದಕ್ಕೆ ಬರೆಯುತ್ತಿದ್ದೇನೆ.

ಕಾರಾದರೆ ಬೇಕಾದಲ್ಲಿ ನಿಲ್ಲಿಸಿಕೊಂಡು ಹೋಗಬಹುದು ಅಲ್ವಾ ಅಂತ ಕೇಳುತ್ತಾರೆ. ಹೌದು, ದಾರಿಯಲ್ಲಿ ನಿಲ್ಲಿಸಬಹುದು. ಸುಮಾರು 340 ಕಿಲೋಮೀಟರ್, ಚಿತ್ರದುರ್ಗದವರೆಗೆ ಹೆದ್ದಾರಿ 48, ಅಲ್ಲಿಂದ ಹೊಸಪೇಟೆಗೆ 50, ರಸ್ತೆ ಚೆನ್ನಾಗಿಯೇ ಇದೆ. ಆದರೆ ರಜೆಯ ಹಿಂದಿನ ರಾತ್ರಿ ನೆಲಮಂಗಲ ದಾಟುವಷ್ಟರಲ್ಲೇ ಸಾಕು ಸಾಕಾಗಿರುತ್ತದೆ. ಇನ್ನು ಹಂಪಿ ಸೇರಿದ ಮೇಲೆ ಆ ಕಾರು ಉಪಯೋಗಕ್ಕೆ ಬರೋದು ಕಮ್ಮಿ. ವಿರೂಪಾಕ್ಷ ಗುಡಿಯಿಂದ ವಿಜಯ ವಿಠ್ಠಲ ಗುಡಿಗೆ ಹೊಳೆ ದಂಡೆಯಲ್ಲಿ ನಡೆದರೆ ಎರಡು ಕಿಲೋಮೀಟರ್ ಆಸುಪಾಸು. ಕೋದಂಡರಾಮ ಗುಡಿ, ಅಚ್ಯುತರಾಯ ಗುಡಿಯ ಬಜಾರು, ತುಲಾಭಾರದ ಕಂಬ, ಕೆಳಗೆ ನೀರಿನ ಪಕ್ಕ ಪುರಂದರ ಮಂಟಪ, ಇವೆಲ್ಲ ಆ ದಾರಿಯಲ್ಲೇ ಸಿಗುತ್ತವೆ. ಕಾರಿನವರು ವಾಪಸ್ ಕಮಲಾಪುರ ಸುತ್ತಿ ಬರಬೇಕು. ಅಷ್ಟು ಸುತ್ತಿ ಬಂದರೂ ಗೆಜ್ಜಲ ಮಂಟಪದ ಹತ್ತಿರ ಗಾಡಿ ಬಿಟ್ಟು, ಮುಂದಿನ ಒಂದು ಕಿಲೋಮೀಟರಿಗೆ ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಲ್ಲಬೇಕು. ಕಾರಿನಲ್ಲಿ ಬಂದಿದ್ದಕ್ಕೆ ಹಂಪಿಯ ಅತಿ ಚೆಂದದ ದಾರಿಯೇ ತಪ್ಪಿಹೋಯಿತು.

ಇನ್ನೊಂದು ಸಂಗತಿ ನನಗೆ ನಿಜಕ್ಕೂ ಹೊಟ್ಟೆ ಉರಿಸುತ್ತದೆ. ಕಮಲಾಪುರದಿಂದ ಹೊಳೆ ಕಡೆ ಹೋಗುವ ರಸ್ತೆ ತಳವಾರಘಟ್ಟದ ಹಳೇ ಕಲ್ಲಿನ ಬಾಗಿಲೊಳಗಿಂದಲೇ ಹಾದುಹೋಗುತ್ತದೆ. ರಜೆ ದಿನ ಅಲ್ಲಿ ಹತ್ತು ನಿಮಿಷ ನಿಂತು ನೋಡಿ. ಎರಡೂ ಕಡೆಯಿಂದ ಕಾರು, ಟೆಂಪೋ ಟ್ರಾವೆಲರ್ ಬಂದು ಮುಖಾಮುಖಿ ನಿಂತಿರುತ್ತವೆ. ಯಾರೂ ಹಿಂದೆ ಸರಿಯುವುದಿಲ್ಲ, ಹಾರ್ನ್ ಮಾತ್ರ ನಿಲ್ಲುವುದಿಲ್ಲ. ಕನ್ನಡಿ ಮಡಚಿಕೊಂಡು ಕಲ್ಲಿಗೆ ಸವರಿಯೇಬಿಟ್ಟಿತು ಅನ್ನೋಷ್ಟು ಹತ್ತಿರದಲ್ಲಿ ಗಾಡಿ ನುಸುಳುತ್ತವೆ. ಐನೂರು ವರ್ಷ ನಿಂತ ಬಾಗಿಲು ಅದು. ಯುನೆಸ್ಕೋ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ಅಪಾಯದ ಪಟ್ಟಿಗೂ ಸೇರಿಸಿತು. ಹೊಳೆಗೆ ಅಡ್ಡ ಕಟ್ಟುತ್ತಿದ್ದ ಸೇತುವೆಗಳು, ಅದರಿಂದ ಒಳಗೆ ನುಗ್ಗುವ ವಾಹನಗಳು, ಇದೇ ದೊಡ್ಡ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆದರು. ಅವುಗಳಲ್ಲಿ ಒಂದು, ಹೊಳೆಯಾಚೆಯ ಆನೆಗೊಂದಿ ಊರಿಗೆ ಹೋಗುವ ಸೇತುವೆ, 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಕುಸಿದು ಕೆಲಸಗಾರರು ಸತ್ತರು. ಇಷ್ಟೆಲ್ಲ ಆದಮೇಲೂ ಹಂಪಿ ಅಂದರೆ ನಮಗೆ ಮೊದಲು ನೆನಪಾಗೋದು ಪಾರ್ಕಿಂಗ್ ಎಲ್ಲಿ ಅನ್ನೋದು.

ಸರಿ, ರೈಲು. ಹಂಪಿ ಎಕ್ಸ್‌ಪ್ರೆಸ್ ಮೈಸೂರಿನಿಂದ ಹೊರಟು ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆಗೆ ಬರುತ್ತದೆ. ಹಿಂದೂಪುರ, ಧರ್ಮಾವರಂ, ಗುಂತಕಲ್ ಅಂತ ಆಂಧ್ರ ಸುತ್ತಿಕೊಂಡು ಬಳ್ಳಾರಿಗೆ ಬರುವುದರಿಂದ ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಆ ಹೊತ್ತೆಲ್ಲ ನೀವು ಕಾಲು ಚಾಚಿ ಮಲಗಿರುತ್ತೀರಿ. ಖಾಸಗಿ ಸ್ಲೀಪರ್ ಬಸ್ಸುಗಳೂ ಇವೆ, ಬೇಗ ತಲುಪುತ್ತವೆ, ಆದರೆ ಹಬ್ಬದ ಹೊತ್ತಿಗೆ ದರ ಎರಡು ಪಟ್ಟು ಮೂರು ಪಟ್ಟು ಮಾಡುತ್ತಾರೆ, ಒಮ್ಮೊಮ್ಮೆ ಇನ್ನೂ ಬೆಳಕು ಹರಿಯುವ ಮೊದಲೇ ಬೈಪಾಸಿನಲ್ಲಿ ಇಳಿಸಿ ಹೋಗುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅದು ಬೇಡವೇ ಬೇಡ.

ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಆಟೋ ಹಿಡಿಯಿರಿ. ಬಸ್ ಹತ್ತುವ ಮೊದಲು ಒಂದು ಪ್ಲೇಟ್ ಮಂಡಾಳ ವಗ್ಗರಣಿ (ಮಂಡಕ್ಕಿ ಒಗ್ಗರಣೆ), ಮಿರ್ಚಿ ತಿನ್ನಿ. ಹಂಪಿ 13 ಕಿಲೋಮೀಟರ್, ಕಡ್ಡಿರಾಂಪುರದ ಮೇಲೆ ಹೋಗುವ ಬಸ್ಸೂ ಇದೆ, ಕಮಲಾಪುರದ ಮೇಲೆ ಹೋಗುವುದೂ ಇದೆ. ಅರ್ಧ ಗಂಟೆ ಸಾಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಈ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ, ಆಧಾರ್ ಇಟ್ಟುಕೊಳ್ಳಿ. ಶ್ರಾವಣದಲ್ಲಿ ಸುತ್ತಲ ಹಳ್ಳಿಯ ಅಕ್ಕಂದಿರು ತೆಂಗಿನಕಾಯಿ, ಹೂವಿನ ಬುಟ್ಟಿ ಹಿಡಿದು ಇದೇ ಬಸ್ಸಿನಲ್ಲಿ ವಿರೂಪಾಕ್ಷನಿಗೆ ಹೊರಟಿರುತ್ತಾರೆ. "ಎಲ್ಲಿಂದ ಬಂದೀರವ್ವಾ" ಅಂತ ಮಾತಿಗೆ ಶುರುಮಾಡಿದರೆ ಇಳಿಯುವವರೆಗೂ ಬಿಡುವುದಿಲ್ಲ.

ನಡೆಯಲು ಆಗದ ಅಪ್ಪ ಅಮ್ಮ ಇದ್ದಾರೆ ಅನ್ನಿ, ಹಂಪಿಯಲ್ಲೇ ಒಂದು ಆಟೋ ದಿನಕ್ಕೆ ಅಂತ ಮಾತಾಡಿಕೊಳ್ಳಿ. ದರ ಮೊದಲೇ ಕೇಳಿ, ಎಲ್ಲೆಲ್ಲಿ ಹೋಗಬೇಕು ಅಂತಲೂ ಮೊದಲೇ ಹೇಳಿ. ಆ ದುಡ್ಡು ಊರಿನವರಿಗೇ ಹೋಗುತ್ತದೆ. ಗಟ್ಟಿಮುಟ್ಟಾಗಿರುವವರು ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಬಹುದು. ಬೇಸಿಗೆಯಲ್ಲಿ ಮಾತ್ರ ಬೇಡ, ಹನ್ನೊಂದು ಗಂಟೆಗೆಲ್ಲ ಬಂಡೆ ಕಾದು ಕೆಂಡವಾಗಿರುತ್ತದೆ.

ಆನೆಗೊಂದಿಗೆ ಹೋಗುವವರು ಹೊಳೆಯಲ್ಲಿ ನೀರು ಎಷ್ಟಿದೆ ಅಂತ ಮೊದಲು ವಿಚಾರಿಸಿ. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ, ದೋಣಿ, ತೆಪ್ಪ ಎಲ್ಲ ನಿಲ್ಲಿಸುತ್ತಾರೆ. ಆಗ ಬುಕ್ಕಸಾಗರ, ಕಡೇಬಾಗಿಲು ಸೇತುವೆ ಮೇಲೆ ಸುತ್ತಿ ಹೋಗಬೇಕು. ಬರೀ ಅಂಜನಾದ್ರಿ ಬೆಟ್ಟ ಹತ್ತುವ ಮನಸ್ಸಿದ್ದರೆ ಹಂಪಿ ಕಡೆ ಬರಲೇಬೇಡಿ, ಗಂಗಾವತಿಗೂ ಈಗ ರೈಲು ಇದೆ, ಅಲ್ಲಿಂದ ಬೆಟ್ಟ ಹತ್ತಿರ.

ಸರ್ಕಾರದವರಿಗೆ ನನ್ನ ಬೇಡಿಕೆ ಇಷ್ಟೇ. ಹಬ್ಬ, ರಜೆ ದಿನಗಳಲ್ಲಿ ಹೊರಗಿನ ಕಾರುಗಳನ್ನು ಹೊಸಪೇಟೆ, ಕಮಲಾಪುರದಲ್ಲೇ ನಿಲ್ಲಿಸಿ. ಅಲ್ಲಿಂದ ಒಳಗೆ ಚಿಕ್ಕ ಬಸ್ ಬಿಡಿ. ಬೆಳಿಗ್ಗೆ ರೈಲು ಬರುವ ಹೊತ್ತಿಗೆ ಸ್ಟೇಷನ್ ಬಾಗಿಲಲ್ಲೇ ಒಂದು ಹಂಪಿ ಬಸ್ ನಿಂತಿರಲಿ. ಹೇಮಕೂಟದಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಜನ ಇಳಿದು ಬರುವ ಹೊತ್ತಿಗೆ ವಾಪಸ್ ಬಸ್ ಜಾಸ್ತಿ ಇರಲಿ. ಇಷ್ಟು ಮಾಡಿದರೆ ಕಾರು ಬಿಟ್ಟು ಬನ್ನಿ ಅಂತ ನಾನು ಗಂಟಲು ಹರಿದುಕೊಳ್ಳಬೇಕಾಗಿಯೇ ಇಲ್ಲ.

ದಸರಾ ರಜೆಗೆ ಹೋಗುವವರಿದ್ದರೆ ನೆನಪಿಡಿ, ರೈಲಿನ ರಿಸರ್ವೇಷನ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನ ಹಾಗೆ 120 ಅಲ್ಲ. ತೆರೆದ ದಿನವೇ ಬುಕ್ ಮಾಡಿ. ವಾಪಸ್ ಬರುವ ಟಿಕೆಟ್ಟನ್ನೂ ಮರೆಯಬೇಡಿ, ಭಾನುವಾರ ರಾತ್ರಿಯ ಸೀಟು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ.