ಉರಿಮೂತ್ರಕ್ಕೆ ಎಲ್ಲರ ಬಳಿಯೂ ಮದ್ದಿದೆ

ನಮ್ಮ ಉಡುಪಿಯಲ್ಲಿ ಉರಿಮೂತ್ರ ಎಂದು ಬಾಯಿ ಬಿಟ್ಟರೆ ಸಾಕು, ಮದ್ದು ಹೇಳದವರೇ ಇಲ್ಲ. ನೆರೆಮನೆಯವರು ಬಾರ್ಲಿ ನೀರು ಎನ್ನುತ್ತಾರೆ, ಸಂಬಂಧಿಕರು ಬಾಳೆದಿಂಡಿನ ರಸ ಎನ್ನುತ್ತಾರೆ, ಔಷಧದಂಗಡಿಯವರು ಚೀಟಿಯನ್ನೂ ಕೇಳದೆ ಆಂಟಿಬಯೋಟಿಕ್ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಒಮ್ಮೆ ಬಂದು ಹೋಗುವ ಸೋಂಕಿನ ಮಾತಾದರೆ ಇದರಲ್ಲಿ ಯಾವುದೋ ಒಂದರ ಮೇಲೆ ಹೊಗಳಿಕೆ ಹೊರಿಸಿ ಸುಮ್ಮನಾಗಬಹುದು. ವರ್ಷಗಟ್ಟಲೆ ಕಿಬ್ಬೊಟ್ಟೆ ನೋಯುತ್ತಿದ್ದು, ಪ್ರತಿ ಸಲವೂ ಮೂತ್ರದಲ್ಲಿ ರೋಗಾಣು ಹುಡುಕುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಸಿಗದವರ ಕಥೆ ಬೇರೆ. ನಾನು ಆ ಗುಂಪಿನವಳು.

ಈ ಕಾಯಿಲೆಗೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎನ್ನುತ್ತಾರೆ. ಈಗ ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಎಂಬ ಹೆಸರೂ ಬಳಕೆಯಲ್ಲಿದೆ. ಮೂತ್ರಕೋಶ ತುಂಬುತ್ತಾ ಬಂದಂತೆ ನೋವು ಏರುತ್ತದೆ, ಖಾಲಿಯಾದಾಗ ತುಸು ಇಳಿಯುತ್ತದೆ, ಅರ್ಧ ಗಂಟೆಗೆ ಮತ್ತೆ ಶುರು. ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಪ್ರಕಾರ ಸೋಂಕು ಮುಂತಾದ ಬೇರೆ ಕಾರಣವಿಲ್ಲದೆ ಇಂಥ ತೊಂದರೆ 6 ವಾರಗಳಿಗಿಂತ ಹೆಚ್ಚು ಇದ್ದರೆ ಈ ಕಾಯಿಲೆಯನ್ನು ಪರಿಗಣಿಸಬೇಕು. ಇದನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆ ಯಾವುದೂ ಇಲ್ಲ. ಕಲ್ಲು, ಕ್ಷಯ, ಗಡ್ಡೆ, ಸೋಂಕು ಒಂದೊಂದನ್ನೂ ಅಲ್ಲಗಳೆದ ಮೇಲೆ ಉಳಿಯುವುದು ಇದು. ಕೆಲವರ ಮೂತ್ರಕೋಶದ ಒಳಗೋಡೆಯಲ್ಲಿ ಕೆಂಪಗಿನ ಗಾಯಗಳಿರುತ್ತವೆ. 1915ರಲ್ಲಿ ಇವನ್ನು ವಿವರಿಸಿದ ಗೈ ಹನ್ನರ್ ಎಂಬ ವೈದ್ಯರ ಹೆಸರೇ ಅವಕ್ಕೆ ನಿಂತಿದೆ. ಅವು ಇದ್ದರೆ ಸುಟ್ಟು ತೆಗೆಯುವುದರಿಂದ ಬಹಳ ಮಂದಿಗೆ ನೋವು ತಗ್ಗುತ್ತದೆ. ಆದ್ದರಿಂದ ಸಿಸ್ಟೋಸ್ಕೋಪಿ (ಸಣ್ಣ ಕೊಳವೆಯ ಮೂಲಕ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ) ಮಾಡಿಸಿ ಎಂದು ತಜ್ಞರು ಹೇಳಿದರೆ ಹೆದರಿ ಮುಂದೂಡಬೇಡಿ. ನೂರು ವರ್ಷ ಹಿಂದೆಯೇ ಕಣ್ಣಿಗೆ ಕಂಡ ಕಾಯಿಲೆಯನ್ನು ಇಂದಿಗೂ 'ಎಲ್ಲಾ ಮನಸ್ಸಿನ ಭ್ರಮೆ, ಯೋಗ ಮಾಡಿ' ಎಂದು ಕಳುಹಿಸುವವರಿದ್ದಾರೆ ಎಂಬುದು ನನಗೆ ನೋವಿಗಿಂತ ಹೆಚ್ಚಿನ ಸಿಟ್ಟು ತರಿಸುತ್ತದೆ.

ಹೆಸರು ಗೊತ್ತಾದ ಕೂಡಲೇ ಬರುವ ಪ್ರಶ್ನೆ: ಇಂಗ್ಲಿಷ್ ಮದ್ದೋ, ನಾಟಿ ಮದ್ದೋ? ಒಂದು ಕಡೆ ಮಣಿಪಾಲ, ಇನ್ನೊಂದು ಕಡೆ ಕುತ್ಪಾಡಿಯ ಆಯುರ್ವೇದ ಕಾಲೇಜು ಇರುವ ಊರಿನಲ್ಲಿ ಪಕ್ಷ ಹಿಡಿಯದೆ ಬದುಕುವುದು ಕಷ್ಟ. ನನ್ನ ಹಟ ಇಷ್ಟೇ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಏನು ಕೊಡುತ್ತಿದ್ದೀರಿ, ಯಾಕೆ, ಎಷ್ಟು ದಿನ, ಅಡ್ಡ ಪರಿಣಾಮ ಏನು, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ ಎಂದು ಬಿಳಿ ಕೋಟಿನವರನ್ನೂ ಕೇಳಬೇಕು, ಕಷಾಯ ಕೊಡುವವರನ್ನೂ ಕೇಳಬೇಕು.

ಕೇಳಿದರೆ ಎರಡೂ ಕಡೆಯ ಹುಳುಕು ಹೊರಬರುತ್ತದೆ. ಕಲ್ಚರ್‌ನಲ್ಲಿ ಏನೂ ಇಲ್ಲದಿದ್ದರೂ ಕೋರ್ಸಿನ ಮೇಲೆ ಕೋರ್ಸು ಆಂಟಿಬಯೋಟಿಕ್ ಬರೆಯುವುದು ವಿಜ್ಞಾನವಲ್ಲ, ಅಭ್ಯಾಸ. ದೀರ್ಘಕಾಲದ ಆಂಟಿಬಯೋಟಿಕ್ ಈ ಕಾಯಿಲೆಗೆ ಬೇಡ ಎಂದು ಅಮೆರಿಕದ ಅದೇ ತಜ್ಞರ ಸಂಘದ ಮಾರ್ಗಸೂಚಿಯೇ ಹೇಳುತ್ತದೆ. ಈ ಕಾಯಿಲೆಗೆ ಕೊಡುವ ಪೆಂಟೋಸಾನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ವರ್ಷಗಟ್ಟಲೆ ನುಂಗಿದ ಕೆಲವರ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾದದ್ದು ಕಂಡುಬಂದು 2020ರಲ್ಲಿ ಅದರ ಮೇಲೆ ಎಚ್ಚರಿಕೆ ಅಚ್ಚಾಯಿತು. ಅದನ್ನು ತೆಗೆದುಕೊಳ್ಳುವವರು ಕಣ್ಣಿನ ಪರೀಕ್ಷೆಯನ್ನು ಮರೆಯಬಾರದು. ನನಗೆ ನೆರವಾದದ್ದು ರಾತ್ರಿಯ ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್. ಅದು ಮೂಲತಃ ಖಿನ್ನತೆಯ ಮಾತ್ರೆ, ಕಡಿಮೆ ಪ್ರಮಾಣದಲ್ಲಿ ನರಗಳ ನೋವನ್ನು ತಗ್ಗಿಸುತ್ತದೆ. ಬಾಯಿ ಒಣಗುತ್ತದೆ, ಮಲಬದ್ಧತೆ, ಬೆಳಗ್ಗೆ ಮಂಪರು. ಚೀಟಿ ನೋಡಿದ ಬಂಧುವೊಬ್ಬರು 'ನಿನಗೆ ತಲೆ ಸರಿಯಿದೆಯಲ್ಲ?' ಎಂದರು. ಇದೆ, ಆದ್ದರಿಂದಲೇ ನುಂಗುತ್ತಿದ್ದೇನೆ.

ಇನ್ನು 'ನೈಸರ್ಗಿಕ' ಎಂಬ ಹಣೆಪಟ್ಟಿ ಹೊತ್ತು ಬರುವುದೆಲ್ಲ ಮೂತ್ರಕೋಶಕ್ಕೆ ತಂಪಲ್ಲ. ಸೆಖೆಗೆ ನಾವು ದೇವರ ತೀರ್ಥದಂತೆ ಕುಡಿಯುವ ಪುನರ್ಪುಳಿ ಶರಬತ್ತು ಹುಳಿ. ನನಗೆ ಒಂದು ಲೋಟ ಸಾಕು, ಇಡೀ ರಾತ್ರಿ ಜಾಗರಣೆ. ಊರೆಲ್ಲ ಹೊಗಳುವ ಕ್ರ್ಯಾನ್‌ಬೆರಿ ರಸವೂ ಹುಳಿಯೇ, ಈ ಕಾಯಿಲೆಯವರಲ್ಲಿ ಬಹಳ ಜನರಿಗೆ ಅದು ಉರಿ ಹೆಚ್ಚಿಸುತ್ತದೆ. ವಿಟಮಿನ್ ಸಿ ಮಾತ್ರೆಯದೂ ಅದೇ ಹಾಡು. ನೆಗ್ಗಿಲು, ಪುನರ್ನವ ಇವುಗಳನ್ನು ಆಯುರ್ವೇದದಲ್ಲಿ ಮೂತ್ರ ಹೆಚ್ಚಿಸುವ ಮೂಲಿಕೆಗಳೆಂದು ಕೊಡುತ್ತಾರೆ. ಮೊದಲೇ ಬಚ್ಚಲಿಗೂ ಹಾಸಿಗೆಗೂ ಓಡಾಡುವವಳಿಗೆ ಅದರಿಂದ ಏನು ಲಾಭ ಎಂದು ನಾನು ವೈದ್ಯರನ್ನೇ ಕೇಳಿದೆ. ಅವರು ನಕ್ಕು, ಬರೆದದ್ದನ್ನು ಹೊಡೆದು ಹಾಕಿದರು. ಅಂದಿನಿಂದ ಅವರ ಮೇಲೆ ಗೌರವ ಹೆಚ್ಚಿದೆ. ಪಾದರಸ, ಸೀಸದಂಥ ಲೋಹ ಸೇರುವ ರಸೌಷಧಿಗಳನ್ನು ಮಾತ್ರ ಚೀಟಿ, ಲೇಬಲ್ ಇಲ್ಲದೆ ಯಾರಿಂದಲೂ ಕೊಳ್ಳಬೇಡಿ.

ಮನೆಯೊಳಗೇ ಸಿಗುವ ದೊಡ್ಡ ಸಹಾಯವೆಂದರೆ ಆಹಾರದ ಲೆಕ್ಕ. ಕಾಫಿ, ಚಹಾ, ಟೊಮೆಟೊ, ನಿಂಬೆ, ಖಾರ, ಸೋಡಾ, ಮದ್ಯ, ಕೃತಕ ಸಿಹಿ ಇವುಗಳನ್ನು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದನ್ನೇ ಮರಳಿ ತಂದು ನೋಡಬೇಕು. ಎಲ್ಲವೂ ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಹುಣಸೆಹುಳಿ, ಬ್ಯಾಡಗಿ ಮೆಣಸು ಇಲ್ಲದೆ ಕರಾವಳಿಯ ಅಡುಗೆ ಏನಾದೀತು ಎಂದು ದುಃಖಿಸಿದ್ದೆ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಸೌತೆಕಾಯಿಯ ಸಪ್ಪೆ ಪಲ್ಯ, ತೆಂಗಿನ ಹಾಲಿನ ಸೋರೆಕಾಯಿ ಇಲ್ಲಿಯವೇ ಅಲ್ಲವೇ? ನನಗೆ ಹುಣಸೆಹುಳಿ ಸ್ವಲ್ಪ ಒಗ್ಗುತ್ತದೆ, ಕಾಫಿ ಒಗ್ಗುವುದಿಲ್ಲ. ಉಡುಪಿಯವಳಿಗೆ ಇದು ಸಣ್ಣ ಶಿಕ್ಷೆಯಲ್ಲ. ಬಿಸಿನೀರಿನ ಚೀಲವನ್ನು ಕಿಬ್ಬೊಟ್ಟೆಗೆ ಇಟ್ಟರೆ ಸಿಗುವ ನೆಮ್ಮದಿಗೆ ಯಾವ ಪಂಥದವರ ಆಕ್ಷೇಪವೂ ಇಲ್ಲ.

ಜಾಗ ಬದಲಿಸಿದರೆ ಕಷ್ಟ ದುಪ್ಪಟ್ಟು. ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುಮಾರು 60 ಕಿಲೋಮೀಟರ್. ದಾರಿಯ ನಿಲ್ದಾಣಗಳಲ್ಲಿ ಹೆಂಗಸರು ಹೋಗಬಹುದಾದ ಶೌಚಾಲಯವನ್ನು ಹುಡುಕುವುದೇ ಒಂದು ಸಾಹಸ. ಹೊರಡುವ ಮುನ್ನ ನೀರು ಕುಡಿಯುವುದನ್ನೇ ಬಿಡುವುದು ನಮ್ಮೆಲ್ಲರ ಉಪಾಯ, ಅದರಿಂದ ಮೂತ್ರ ಗಾಢವಾಗಿ ಉರಿ ಹೆಚ್ಚುತ್ತದೆ. ಮದುವೆಗೆ, ರಾತ್ರಿಯ ಯಕ್ಷಗಾನಕ್ಕೆ ಬಾರದಿದ್ದರೆ 'ಅಹಂಕಾರ' ಎನ್ನುವವರಿಗೆ ಇದನ್ನೆಲ್ಲ ವಿವರಿಸುವುದು ಹೇಗೆ?

ಒಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಈ ಕಾಯಿಲೆ ಇರುವ ನಮ್ಮಲ್ಲಿ ಬಹಳ ಮಂದಿಗೆ ಶ್ರೋಣಿಯ (ಸೊಂಟದ ಕೆಳಭಾಗದ) ತಳದ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಮೂತ್ರದ ಯಾವ ತೊಂದರೆಗೂ ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಎಂದು ಮೊಬೈಲ್ ವಿಡಿಯೋಗಳು ಬೊಬ್ಬೆ ಹೊಡೆಯುತ್ತವೆ. ಬಿಗಿದ ಸ್ನಾಯುವನ್ನು ಮತ್ತೆ ಬಿಗಿಗೊಳಿಸಿದರೆ ನೋವು ಹೆಚ್ಚುತ್ತದೆ. ಅಂಥವರಿಗೆ ಬೇಕಾದದ್ದು ಸಡಿಲಿಸುವ ಫಿಸಿಯೋಥೆರಪಿ, ಅದೂ ಆ ತರಬೇತಿ ಇರುವವರಿಂದ. ಗಂಡಸರಿಗೂ ಈ ಕಾಯಿಲೆ ಬರುತ್ತದೆ, ಪ್ರಾಸ್ಟೇಟ್ ತೊಂದರೆಯೆಂದು ಚಿಕಿತ್ಸೆ ನಡೆಯುತ್ತಿರುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಗಂಡಾಗಲಿ ಹೆಣ್ಣಾಗಲಿ ಯಾವ ಕಷಾಯಕ್ಕೂ ಕಾಯದೆ ಮೂತ್ರರೋಗ ತಜ್ಞರ ಬಳಿಗೆ ಹೋಗಿ.

ಉಡುಪಿ, ಮಂಗಳೂರಿನಲ್ಲಿ ಶ್ರೋಣಿಯ ಸ್ನಾಯುಗಳ ಫಿಸಿಯೋಥೆರಪಿ ಮಾಡುವ ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ. ಹೆಸರು ಹೇಳಿಕೊಳ್ಳಲು ಸಂಕೋಚಪಡುವ ಕೆಲವರು ನನ್ನ ಬಳಿ ವಿಚಾರಿಸುತ್ತಿದ್ದಾರೆ.